ತೊಡೆ ತಟ್ಟುವ ಹೋಬಳಿಗಳು

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹೋಬಳಿಯ ಒಂದು ಪ್ರೌಢಶಾಲೆಯ ಬಯಲಿಗೆ ಬೆಳಿಗ್ಗೆ ಏಳೂವರೆಗೇ ಹೋದೆ. ಮಕ್ಕಳು ಇನ್ನೂ ಬಂದಿರಲಿಲ್ಲ, ಊರಿನವರು ಬಂದಿದ್ದರು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡ ನಾಲ್ವರು ಕಬಡ್ಡಿ ಅಂಕಣದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬೆರಳಿನಿಂದ ಮಣ್ಣು ಕೆದಕಿ ಹರಳು ಹೆಕ್ಕುತ್ತಿದ್ದರು. ಗದ್ದೆಯಲ್ಲಿ ಕಳೆ ಕೀಳುವವರ ಹಾಗೆ ಒಂದೇ ಸಾಲು, ಒಂದೇ ಲಯ. ಹೆಕ್ಕಿದ್ದನ್ನು ಹೆಗಲ ಟವೆಲ್ಲಿಗೆ ಹಾಕಿಕೊಳ್ಳುತ್ತಿದ್ದರು.

“ರಾತ್ರಿ ನೀರು ಹೊಡ್ದು, ಭತ್ತದ ಹೊಟ್ಟು ಸೇರ್ಸಿ, ಮಟ್ಟ ಮಾಡೇ ಹೋಗಿದ್ದು. ಆದ್ರೂ ಬೆಳಗಾಗೋದ್ರೊಳಗೆ ಒಂದೊಂದು ಹರಳು ಮೇಲಕ್ಕೆ ಬಂದ್ಬುಡ್ತವೆ ಸಾರ್” ಎಂದರು ಅವರಲ್ಲಿ ಹಿರಿಯರು. “ಹೈಕ್ಳ ಮಂಡಿ ಕಿತ್ತೋದ್ರೆ ತಾಲ್ಲೂಕಿಗೆ ಹೋಗಿ ಆಡೋರು ಯಾರು?”

ಅವರ ಮನೆಯ ಮಕ್ಕಳು ಯಾರೂ ಈಗ ಆ ಶಾಲೆಯಲ್ಲಿಲ್ಲ. ಮಗ ಓದು ಮುಗಿಸಿ ಬೆಂಗಳೂರು ಸೇರಿ ಎಷ್ಟೋ ವರ್ಷವಾಗಿದೆ. ಆದರೂ ಹೋಬಳಿ ಆಟ ಎಂದರೆ ಅವತ್ತು ಗದ್ದೆಗೆ ಇಳಿಯುವುದಿಲ್ಲ, ಇಲ್ಲಿಗೆ ಬರುತ್ತಾರೆ.

ಮಂಡ್ಯ ಜಿಲ್ಲೆಯಲ್ಲಿ ಎರಡು ಕಂದಾಯ ಉಪವಿಭಾಗಗಳಿವೆ. ಮಂಡ್ಯ, ಮದ್ದೂರು, ಮಳವಳ್ಳಿ ಒಂದು ಕಡೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೇರಿದ್ದು ಪಾಂಡವಪುರ ಉಪವಿಭಾಗ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಟ್ಟು 18 ಹೋಬಳಿಗಳು: ಶ್ರೀರಂಗಪಟ್ಟಣಕ್ಕೆ 4, ಪಾಂಡವಪುರಕ್ಕೆ 3, ಕೆ.ಆರ್. ಪೇಟೆಗೆ 6, ನಾಗಮಂಗಲಕ್ಕೆ 5. ಪಹಣಿ, ಖಾತೆಯ ಕೆಲಸವಿಲ್ಲದವರಿಗೆ ಹೋಬಳಿ ಎಂಬುದು ವರ್ಷವಿಡೀ ನೆನಪಿಗೆ ಬರುವ ಸಂಗತಿಯಲ್ಲ. ಮಳೆಗಾಲದಲ್ಲಿ ಶಾಲಾ ಕ್ರೀಡಾಕೂಟ ಶುರುವಾದೊಡನೆ ಅದಕ್ಕೆ ಜೀವ ಬರುತ್ತದೆ. ಹೈಸ್ಕೂಲು ಮಕ್ಕಳು ಮೊದಲು ಹೋಬಳಿಯಲ್ಲಿ ಗೆಲ್ಲಬೇಕು, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಓಟ, ನೆಗೆತ, ಎಸೆತಗಳಿರುತ್ತವೆ. ಖೋಖೋ, ವಾಲಿಬಾಲ್, ಥ್ರೋಬಾಲ್ ಇರುತ್ತವೆ. ಆದರೆ ಆಲದ ಮರದ ಕೆಳಗಿನ ಜನ ಎದ್ದು ಬಂದು ಗೆರೆಯ ಪಕ್ಕದಲ್ಲಿ ನಿಲ್ಲುವುದು ಕಬಡ್ಡಿಗೆ.

ಅಮೆರಿಕದ ಟೆಕ್ಸಸ್ ರಾಜ್ಯದ ಸಣ್ಣ ಊರುಗಳಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲು ಹುಡುಗರ ಫುಟ್‌ಬಾಲ್ ನೋಡಲು ಊರಿಗೆ ಊರೇ ಹೊರಡುತ್ತದೆ ಎಂದು ಓದಿದಾಗ ನನಗೆ ಅಚ್ಚರಿಯಾಗಿರಲಿಲ್ಲ. ಚಿನಕುರಳಿಯಲ್ಲೋ ಕಿಕ್ಕೇರಿಯಲ್ಲೋ ಒಂದು ಹೋಬಳಿ ಫೈನಲ್ ನೋಡಿದವರಿಗೆ ಅದು ಗೊತ್ತಿರುವ ಮಾತು. ಅಲ್ಲಿ ಚೆಂಡು, ಇಲ್ಲಿ ಉಸಿರು.

ಒಂಬತ್ತರ ಹೊತ್ತಿಗೆ ಅರಕೆರೆಯ ಬಯಲು ತುಂಬಿತು. ಟೆಂಪೋಗಳಿಂದ, ಆಪೆ ಆಟೋಗಳಿಂದ ಶಾಲೆಗೊಂದು ಬಣ್ಣದ ಮಕ್ಕಳು ಇಳಿದರು. ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞೆ, ಭಾಷಣ ಎಲ್ಲ ಮುಗಿಯುವವರೆಗೆ ಜನ ತಾಳ್ಮೆಯಿಂದಿದ್ದರು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಮೇಲೆ ಯಾರೂ ನಿಂತಲ್ಲಿ ನಿಲ್ಲಲಿಲ್ಲ. ಗೆರೆ ಎಳೆದದ್ದು ಪಿಟಿ ಮೇಷ್ಟ್ರು. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನು, ಅದರಿಂದ 1 ಮೀಟರ್ ಆಚೆಗೆ ಬೋನಸ್ ಗೆರೆ. ಟೇಪು ಹಿಡಿದು ಅಳೆಯುವಾಗ ಎರಡು ಊರಿನವರೂ ಬಗ್ಗಿ ನೋಡುತ್ತಿದ್ದರು. ಇಲ್ಲಿ ಗೆರೆಯ ಮೇಲೆ ಜಗಳವಾದರೆ ಅದು ಮುಂದಿನ ವರ್ಷದವರೆಗೂ ಉಳಿಯುತ್ತದೆ.

ಆಡುವವರು ಏಳು ಜನ. ಒಂದು ರೈಡಿಗೆ 30 ಸೆಕೆಂಡು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಅವಧಿಯಲ್ಲಿ ಗೆರೆಯಾಚೆಯ ಜನ ಎಷ್ಟು ಮಾತಾಡುತ್ತಾರೆ! “ಬೋನಸ್ ತಕ್ಕಳ್ಳಾ!”, “ಕಾರ್ನರ್ ನೋಡ್ಕಳ್ಳಾ, ಹಿಂದ್ಗಡೆ ಬತ್ತಾವ್ನೆ!”, “ಬುಡ್ಬೇಡ, ಬುಡ್ಬೇಡ ಕಣ್ಲಾ!” ಹುಡುಗನಿಗೆ ಅದರಲ್ಲಿ ಒಂದೂ ಕೇಳಿಸುವುದಿಲ್ಲ. ಹಿಡಿತಕ್ಕೆ ಸಿಕ್ಕಿ, ನಾಲ್ವರ ಕೆಳಗೆ ಬಿದ್ದು, ಬೆರಳ ತುದಿಯಿಂದ ನಡುಗೆರೆಯ ಸುಣ್ಣ ಸವರಿದವನ ಕೈಯನ್ನು ಅಂಪೈರು ಬಗ್ಗಿ ನೋಡುತ್ತಾರೆ. ಬೆರಳಲ್ಲಿ ಬಿಳಿ ಇದ್ದರೆ ನಾಲ್ವರೂ ಔಟು. ಆಗ ಬಯಲಿನಲ್ಲಿ ಏಳುವ ಕೂಗು ನಾಲೆಯ ಆಚೆ ಉಳುವವನಿಗೂ ಕೇಳುತ್ತದೆ.

ಶ್ರೀರಂಗಪಟ್ಟಣ ಸೀಮೆಗೆ ಈ ತೊಡೆ ತಟ್ಟುವ ಹಠ ಗರಡಿಯಿಂದ ಬಂದದ್ದು ಎಂದು ನನ್ನ ನಂಬಿಕೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ದ್ವೀಪವನ್ನು ವಶಪಡಿಸಿಕೊಂಡು ದಸರಾ ಆರಂಭಿಸಿದರು. ಇವತ್ತಿಗೂ ಶ್ರೀರಂಗಪಟ್ಟಣದ ದಸರೆಗೆ ಕಿರಂಗೂರಿನ ಬನ್ನಿಮಂಟಪದಲ್ಲಿ ಪೂಜೆಯಾಗಿಯೇ ಮೆರವಣಿಗೆ ಹೊರಡುತ್ತದೆ. ದಸರಾ ಇದ್ದಲ್ಲಿ ಕುಸ್ತಿ ಇರಲೇಬೇಕು. ಗರಡಿಯೊಳಗೆ ಕಾಲಿಟ್ಟವರಿಗೆ ಮೊದಲು ತಾಗುವುದು ಮಣ್ಣಿನ ವಾಸನೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಸೇರಿಸಿ ಹದ ಮಾಡುತ್ತಾರೆ. ಆ ಮಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾವ ಪೈಲ್ವಾನನೂ ಇಳಿಯುವುದಿಲ್ಲ. ಕುಸ್ತಿಗೆ ಮುಂಚೆ ಹಿರಿಯರು ಕೂತು ತೂಕ, ವಯಸ್ಸು, ಪಟ್ಟು ನೋಡಿ ಜೋಡಿ ಕಟ್ಟುತ್ತಾರೆ. ‘ಇಂಥ ಊರಿನ ಪೈಲ್ವಾನ್’ ಎಂದು ಮೈಕಿನಲ್ಲಿ ಕೂಗುವಾಗ ಊರಿನ ಹೆಸರೇ ಮುಂದೆ ಬರುತ್ತದೆ, ಆಮೇಲೆ ಅವನ ಹೆಸರು. ಕಬಡ್ಡಿ ಅಂಕಣಕ್ಕೆ ಇಳಿಯುವ ಹದಿನೈದರ ಹುಡುಗ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವುದನ್ನೂ, ರೈಡಿಗೆ ಮುಂಚೆ ತೊಡೆ ತಟ್ಟುವುದನ್ನೂ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಅಜ್ಜನಿಂದ ನೋಡಿ ಬಂದದ್ದು.

ಅವತ್ತಿನ ಫೈನಲ್ಲಿನಲ್ಲಿ ಅಕ್ಕಪಕ್ಕದ ಎರಡು ಊರುಗಳೇ ಎದುರಾದವು. ನಡುವೆ ಒಂದು ನಾಲೆ ಮಾತ್ರ. ಹೆಣ್ಣು ಕೊಟ್ಟು ತಂದ ಊರುಗಳು, ಅಂಕಣದ ಆ ಕಡೆ ಮಾವ, ಈ ಕಡೆ ಅಳಿಯ. ಎರಡು ಅಂಕದಲ್ಲಿ ಸೋತ ಊರಿನ ಹಿರಿಯರೊಬ್ಬರು ಮಾತಿಲ್ಲದೆ ಬೈಕು ಹತ್ತಿದರು. ನಾಲ್ಕು ಮಾರು ಹೋಗಿ ಮತ್ತೆ ತಿರುಗಿ ಬಂದು, ಗೆದ್ದ ಶಾಲೆಯ ಪಿಟಿ ಮೇಷ್ಟ್ರ ಹತ್ತಿರ ನಿಂತು ಕೇಳಿದರು: “ಮೇಷ್ಟ್ರೇ, ತಾಲ್ಲೂಕು ಆಟ ಯಾವತ್ತು? ಹೈಕ್ಳ ಕರ್ಕೊಂಡು ಹೋಗೋಕೆ ಗಾಡಿ ನಾನು ಕಳಿಸ್ತೀನಿ.”

ನಾನು ಈ ನಾಲ್ಕು ತಾಲ್ಲೂಕು ಸುತ್ತಿದ್ದು ಈ ಮಾತನ್ನೇ ಹಿಂಬಾಲಿಸಿಕೊಂಡು.

ಪಾಂಡವಪುರದ ದಾರಿಯಲ್ಲಿ ಕಬ್ಬು, ಭತ್ತ, ತೆಂಗು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟಿದ್ದ ದಿನಗಳು, ಎಲ್ಲೆಲ್ಲೂ ನಾಟಿ. ಹಿರೋಡೆ ಎಂಬುದು ಪಾಂಡವಪುರದ ಹಳೆಯ ಹೆಸರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದರು. ಊರಿನ ನೆತ್ತಿಯ ಮೇಲೆ ಕುಂತಿಬೆಟ್ಟ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿದ್ದರೆಂಬುದು ಐತಿಹ್ಯ. ಭೀಮನ ನೆರಳಿನಲ್ಲಿ ಬೆಳೆಯುವ ಮಕ್ಕಳು ಕಬಡ್ಡಿ ಆಡದೆ ಇನ್ನೇನು ಆಡಬೇಕು ಎಂದು ಚಹಾ ಅಂಗಡಿಯಲ್ಲಿ ಒಬ್ಬರು ಗಂಭೀರವಾಗಿ ಕೇಳಿದರು. ನನಗೂ ಸರಿ ಎನಿಸಿತು.

ಈ ಸೀಮೆಯಲ್ಲಿ ಕಬಡ್ಡಿಯ ಮಾತು ತೆಗೆದರೆ ಐದು ನಿಮಿಷದೊಳಗೆ ಒಂದು ಹೆಸರು ಬರುತ್ತದೆ: ಕೆ.ಎಸ್. ಪುಟ್ಟಣ್ಣಯ್ಯ. ಕ್ಯಾತನಹಳ್ಳಿಯವರು, ರೈತ ಸಂಘದ ನಾಯಕರು, ಮೇಲುಕೋಟೆ ಕ್ಷೇತ್ರದ ಶಾಸಕರು. 2018ರ ಫೆಬ್ರುವರಿ 18ರ ಭಾನುವಾರ ರಾತ್ರಿ ಅವರು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದರು. ಅಲ್ಲೇ ಹೃದಯಾಘಾತವಾಯಿತು, ಉಳಿಯಲಿಲ್ಲ. ಬದುಕಿನುದ್ದಕ್ಕೂ ಹಸಿರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕಬ್ಬಿನ ಬೆಲೆಗೆ, ಕಾವೇರಿ ನೀರಿಗೆ ಬೀದಿಗಿಳಿದವರ ಕೊನೆಯ ಗಳಿಗೆ ಅಂಕಣದ ಪಕ್ಕದಲ್ಲಿ ಕಳೆಯಿತು. ಚಿನಕುರಳಿಯ ಹತ್ತಿರ ಒಂದು ಶಾಲೆಯ ಬಯಲಿನಲ್ಲಿ ಕೂತಿದ್ದ ರೈತರೊಬ್ಬರು ಆ ರಾತ್ರಿಯನ್ನು ನೆನೆದು, “ಅವ್ರು ಆಟ ನೋಡ್ತಾನೇ ಹೋದ್ರು ಕಣಣ್ಣ” ಎಂದಷ್ಟೇ ಹೇಳಿ ಸುಮ್ಮನಾದರು. ಎದುರಿಗೆ ಮಕ್ಕಳು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ನಾವಿಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆವು.

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂಬ ಬ್ಯಾನರು ಈ ಕಡೆ ಗಣೇಶನ ಹಬ್ಬದಿಂದ ಊರ ಜಾತ್ರೆಯವರೆಗೆ ಯಾವ ಸರ್ಕಲ್ಲಿನಲ್ಲೂ ಕಾಣಬಹುದು. ಮೊದಲ ಬಹುಮಾನ ನಗದು ಮತ್ತು ಟ್ರೋಫಿ, ಕೆಲವೆಡೆ ಟಗರು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನು, ಪೊಲೀಸು ಸೇರಿದವನು, ಎಲ್ಲರೂ ಆ ರಾತ್ರಿ ಊರಿನ ಹೆಸರಿನ ಜೆರ್ಸಿ ತೊಟ್ಟು ಬರುತ್ತಾರೆ. ಹೈಸ್ಕೂಲು ಹುಡುಗರು ಆಟ ಕಲಿಯುವುದು ಮುಕ್ಕಾಲು ಪಾಲು ಇಲ್ಲೇ. ಅಂಕಣದ ಮೂಲೆಯಲ್ಲಿ ಕೂತು ಅಣ್ಣಂದಿರ ಪಾದ ನೋಡುತ್ತಾರೆ. ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅದೇ ಹೆಜ್ಜೆ, ಅದೇ ಪಾದದ ಹಿಡಿತ, ಕೈ ಕೈ ಹಿಡಿದು ಕಟ್ಟುವ ಅದೇ ಚೈನು.

ಪಿಟಿ ಮೇಷ್ಟ್ರುಗಳ ಬಗ್ಗೆ ಇಲ್ಲಿ ಹೇಳಲೇಬೇಕು. ನಾನು ಭೇಟಿಯಾದ ಒಬ್ಬರು ಬೆಳಿಗ್ಗೆ ಆರಕ್ಕೆ ಬಂದು ಮಕ್ಕಳನ್ನು ಓಡಿಸುತ್ತಾರೆ, ಸಂಜೆ ಆರರವರೆಗೆ ಆಡಿಸುತ್ತಾರೆ. ಪ್ರತಿ ವರ್ಷ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರುವ ಮಕ್ಕಳ ಪಾದ, ಮಣಿಕಟ್ಟು ನೋಡಿ ಯಾರು ಕ್ಯಾಚಿಗೆ, ಯಾರು ರೈಡಿಗೆ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾರೆ. ಅವರ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಸ್ಪ್ರೇ ಡಬ್ಬ, ಅರಿಶಿನದ ಪೊಟ್ಟಣ, ಒಂದು ಕಟ್ಟು ಬ್ಯಾಂಡೇಜು. ಜೆರ್ಸಿಗೆ ದುಡ್ಡು ಎಲ್ಲಿಂದ ಎಂದು ಕೇಳಿದೆ. ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು. ಬೆನ್ನ ಮೇಲೆ ನಂಬರು, ಎದೆಯ ಮೇಲೆ ಶಾಲೆಯ ಹೆಸರಿಗಿಂತ ದೊಡ್ಡದಾಗಿ ಊರಿನ ಹೆಸರು. ಆಟದ ದಿನದ ಮಧ್ಯಾಹ್ನದ ಪಲಾವು, ಕೇಸರಿಬಾತು, ಮಜ್ಜಿಗೆಯೂ ದಾನಿಗಳದೇ, ಎದುರಾಳಿ ಮಕ್ಕಳಿಗೂ ಸೇರಿ. ಇಲ್ಲಿ ಒಂದು ಕಟ್ಟುನಿಟ್ಟಿದೆ: ಬಂದ ತಂಡ ಉಂಡಾದ ಮೇಲೆ ಊರಿನ ತಂಡ ಉಣ್ಣುವುದು. ಎಷ್ಟೇ ಜಿದ್ದಿರಲಿ, ಎಲೆಯ ಮುಂದೆ ಅವರು ನೆಂಟರು.

ಕೆ.ಆರ್. ಪೇಟೆ ತಾಲ್ಲೂಕು ದೊಡ್ಡದು, ಹೋಬಳಿಗಳೂ ಹೆಚ್ಚು. ಅತ್ತಿಗುಪ್ಪೆ ಎಂದಿದ್ದ ಊರು ಕೃಷ್ಣರಾಜಪೇಟೆಯಾಯಿತು. ಅಕ್ಕಿಹೆಬ್ಬಾಳಿನ ಪಕ್ಕ ಹೇಮಾವತಿ ಹರಿಯುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಅಧಿಷ್ಠಾನದ ಸುತ್ತ ಆನೆ, ಕುದುರೆ ಸಾಲುಗಟ್ಟಿವೆ. ಅದನ್ನೆಲ್ಲ ನೋಡಲು ಇನ್ನೊಂದು ದಿನ ಬೇಕು. ನಾನು ನೇರವಾಗಿ ಹೋದದ್ದು ಕಿಕ್ಕೇರಿ ಕಡೆಗೆ. ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು.

ಅಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಇತ್ತು. ಬೆಳಿಗ್ಗೆ ಒಂಬತ್ತೂವರೆಗೇ ಇಟ್ಟಿದ್ದರು. ಜನ ಸೇರುವ ಹೊತ್ತಿಗೆ ಹುಡುಗಿಯರ ಆಟ ಮುಗಿದಿರುವ ಹಾಗೆ ವೇಳಾಪಟ್ಟಿ ಮಾಡುವುದು ಎಷ್ಟೋ ಕಡೆ ಅಭ್ಯಾಸವಾಗಿಬಿಟ್ಟಿದೆ. ಇದು ಬದಲಾಗಬೇಕು. ಆಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಎಣ್ಣೆ ಹಚ್ಚಿ ಎರಡು ಜಡೆ ಬಿಗಿದು ಕಟ್ಟಿದ್ದ ಒಬ್ಬ ಹುಡುಗಿ, ಎಡ ಕಾರ್ನರಿನವಳು, ಎದುರಾಳಿ ಕಾಲು ಚಾಚಿದ್ದೇ ತಡ ಪಾದಕ್ಕೆ ಬಿದ್ದಳು. ಒಮ್ಮೆಯಲ್ಲ, ನಾಲ್ಕು ಸಲ. ನಾಲ್ಕನೆಯದು ಅಂಕಣದಲ್ಲಿ ಮೂವರೇ ಉಳಿದಿದ್ದಾಗ ಹಿಡಿದದ್ದು, ಸೂಪರ್ ಟ್ಯಾಕಲ್. ಗೆರೆಯ ಪಕ್ಕ ಹಾಲಿನ ಕ್ಯಾನು ಇಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗುತ್ತಿದ್ದರು. ನಿಮ್ಮ ಮಗಳೇನಮ್ಮ ಎಂದೆ. “ನಮ್ಮೂರ ಮಗಳು” ಎಂದರು. “ನಾನೂ ಆಡ್ತಿದ್ದೆ, ಹತ್ನೇ ಕ್ಲಾಸ್‌ಗಂಟ. ಆಮೇಲೆ ಮದ್ವೆ ಮಾಡುದ್ರು.”

ಮೈಸೂರು ವಿಭಾಗ ಮಟ್ಟಕ್ಕೆ ಹೋದರೆ ಈ ಹುಡುಗಿಯರಿಗೆ ಎದುರಾಗುವುದು ಕರಾವಳಿಯ ತಂಡಗಳು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಚಿಕ್ಕಮಗಳೂರು, ಕೊಡಗಿನ ಜೊತೆಗೆ ದಕ್ಷಿಣ ಕನ್ನಡ, ಉಡುಪಿಯೂ ಇದೇ ವಿಭಾಗಕ್ಕೆ ಸೇರುತ್ತವೆ. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನವರು. ಬೆಂಗಳೂರಿನ ತೇಜಸ್ವಿನಿ ಬಾಯಿ ಏಷ್ಯನ್ ಗೇಮ್ಸ್ ಚಿನ್ನ ತಂದವರು. ಅವರೂ ಶಾಲೆಯ ಮಕ್ಕಳಾಗಿದ್ದಾಗ ಯಾರೋ ಗೆರೆಯ ಪಕ್ಕ ನಿಂತು ಕೂಗಿರಬೇಕು. ಕಿಕ್ಕೇರಿಯ ಆ ಹುಡುಗಿಗೆ ಮಧ್ಯಾಹ್ನ ಮೂರು ಗಂಟೆಯ ಜನಸಂದಣಿ ಸಿಗಬೇಕಿತ್ತು.

ನಾಗಮಂಗಲಕ್ಕೆ ಹೋಗುವಾಗ ನೆಲದ ಬಣ್ಣ ಬದಲಾಗುತ್ತದೆ. ಗದ್ದೆಯ ಹಸಿರು ಹಿಂದೆ ಬಿದ್ದು ಕೆಂಪು ನೆಲ, ರಾಗಿ, ಹುರುಳಿ, ತೆಂಗು, ಅಲ್ಲಲ್ಲಿ ಬಂಡೆಗುಡ್ಡ. ಮಳೆ ನಂಬಿದ ಸೀಮೆ. ನಾಲೆಯ ಸೀಮೆಯವರು ಈ ಕಡೆಯವರನ್ನು ಮಾತಿಗೆ ಮಾತು ಬಂದಾಗ ಬೆದ್ದಲು ಎಂದು ಆಡಿಕೊಂಡದ್ದುಂಟು. ಅದಕ್ಕೆ ನಾಗಮಂಗಲದವರ ಉತ್ತರ ಸಿದ್ಧ: “ನಮ್ಮ ಹೈಕ್ಳು ಮುದ್ದೆ ತಿಂದವ್ರು, ಕಲ್ಲು ನೆಲ್ದಲ್ಲಿ ಬಿದ್ದು ಬೆಳೆದವ್ರು. ಹಿಡಿದ್ರೆ ಬುಡಲ್ಲ.” ಜಿಲ್ಲಾ ಮಟ್ಟದಲ್ಲಿ ನಾಗಮಂಗಲ, ಶ್ರೀರಂಗಪಟ್ಟಣ ಎದುರಾದರೆ ಅಂಕಣದಲ್ಲಿ ಇರುವುದು ಹದಿನಾಲ್ಕು ಮಕ್ಕಳಾದರೂ ಹಿಂದೆ ನಿಂತಿರುವುದು ಬೆದ್ದಲು ಮತ್ತು ಗದ್ದೆ. ಈ ಜಿದ್ದಿನಲ್ಲಿ ಹಳೆಯ ನೋವೂ ಇದೆ. ಕನ್ನಂಬಾಡಿಯ, ಅಂದರೆ ಕೃಷ್ಣರಾಜಸಾಗರದ, ನೀರು ಕೆಳಗಿನವರ ಗದ್ದೆಗೆ ಹರಿದಾಗ ಮೇಲಿನವರು ಮುಗಿಲು ನೋಡಿ ಬಿತ್ತಿದರು. ಆ ಲೆಕ್ಕವನ್ನು ಮಕ್ಕಳು ತೀರಿಸಲಾರರು. ಆದರೆ ಒಂದು ದಿನದ ಮಟ್ಟಿಗೆ, ಬೆದ್ದಲಿನ ಹುಡುಗನೊಬ್ಬ ಗದ್ದೆ ಸೀಮೆಯ ಮೂವರನ್ನು ಎಳೆದುಕೊಂಡು ನಡುಗೆರೆ ಮುಟ್ಟಿದಾಗ ಅವನ ಊರಿನವರ ಮುಖ ಹೇಗಿರುತ್ತದೆ ಎಂದು ಹಿಂದಿನ ವರ್ಷ ಮಂಡ್ಯದಲ್ಲಿ ನಾನು ನೋಡಿದ್ದೇನೆ.

ನಾನು ನಾಗಮಂಗಲ ಮುಟ್ಟಿದ ದಿನ ತಾಲ್ಲೂಕು ಫೈನಲ್ ಇತ್ತು. ಕಸಬಾ, ದೇವಲಾಪುರ, ಹೊಣಕೆರೆ, ಬಿಂಡಿಗನವಿಲೆ, ಬೆಳ್ಳೂರು, ಐದೂ ಹೋಬಳಿಯ ಜನ ಬಂದಿದ್ದರು. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಎರಡು ಟ್ಯಾಂಕರ್ ನೀರು ಹೊಡೆಸಿ, ಕುಂಟೆ ಹೊಡೆದು, ಮರಳು ಹರಡಿದ್ದರು. ಆದರೂ ಮೊದಲ ಅರ್ಧದೊಳಗೆ ಮೂವರ ಮೊಣಕೈ ಕೆಂಪಾಯಿತು. ಮೇಷ್ಟ್ರು ಅರಿಶಿನ ಒತ್ತಿದರು, ಹುಡುಗರು ಮತ್ತೆ ಇಳಿದರು.

ಇಲ್ಲಿ ನನ್ನನ್ನು ಕಾಡಿದ ಒಂದು ಸಂಗತಿ ಇದೆ. ಮಣ್ಣಿನಲ್ಲಿ ಬರಿಗಾಲಿನ ಬೆರಳುಗಳು ನೆಲ ಕಚ್ಚಿ ಹಿಡಿಯುತ್ತವೆ. ಮ್ಯಾಟಿನ ಮೇಲೆ ಆ ಹಿಡಿತ ಸಿಗುವುದಿಲ್ಲ, ಬೂಟು ಬೇಕು, ತಿರುಗುವ ಲೆಕ್ಕವೇ ಬೇರೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ಮಕ್ಕಳು ಟಿ.ವಿ.ಯಲ್ಲಿ ನೋಡುವುದು ಮ್ಯಾಟಿನ ಆಟ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಗೆದ್ದಾಗ ಈ ಹಳ್ಳಿಗಳಲ್ಲಿ ಪಟಾಕಿ ಹೊಡೆದ ಹುಡುಗರಿದ್ದಾರೆ. ನಮ್ಮವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂಗಾಳಕ್ಕೂ ಪುಣೆಗೂ ಕಪ್ ಗೆದ್ದುಕೊಟ್ಟ ಕಥೆ ಅವರಿಗೆ ಬಾಯಿಪಾಠ. ಮೇಲಿನ ಹಂತಕ್ಕೆ ಹೋದಂತೆಲ್ಲ ಮಣ್ಣು ಕಡಿಮೆಯಾಗಿ ಮ್ಯಾಟು ಬರುತ್ತದೆ. ಹರಳು ಹೆಕ್ಕಿ ಹದ ಮಾಡಿದ ಮಣ್ಣಿನಲ್ಲಿ ಹುಲಿಯಾದ ಹುಡುಗ ಅಲ್ಲಿ ಮೊದಲ ರೈಡಿನಲ್ಲೇ ಜಾರುತ್ತಾನೆ. ಹೋಬಳಿಗೊಂದು ಜೊತೆ ಮ್ಯಾಟು, ಸುತ್ತಿನ ಶಾಲೆಗಳು ಸರದಿಯಲ್ಲಿ ಬಂದು ಆಡುವಂತೆ ಒಂದು ಕೊಠಡಿ. ಟಗರು ಬಹುಮಾನ ಕೊಡುವ ಊರುಗಳಿಗೆ, ಜೆರ್ಸಿ ಹೊಲಿಸುವ ಹಳೆಯ ವಿದ್ಯಾರ್ಥಿಗಳಿಗೆ, ಸರ್ಕಾರಕ್ಕೆ, ಮೂವರಿಗೂ ಸೇರಿ ಇದು ಆಗದ ಕೆಲಸವಲ್ಲ. ಮಣ್ಣನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ಹೋದರೆ ಬೆಳಿಗ್ಗೆ ಏಳೂವರೆಗೆ ಬಯಲಿಗೆ ಬರುವವರೂ ಹೋಗುತ್ತಾರೆ.

ಫೈನಲ್ ಕೊನೆಯ ನಿಮಿಷದವರೆಗೂ ಎಳೆಯಿತು. ಇಡೀ ತಂಡವೇ ಔಟಾಗುವ ಲೋನಾ ಆ ಕಡೆ ಒಂದು, ಈ ಕಡೆ ಒಂದು. ಕೊನೆಯ ರೈಡಿಗೆ ಹೋದವನು ಬೋನಸ್ ತೆಗೆದುಕೊಂಡು ಹಿಂದಕ್ಕೆ ನೆಗೆದ, ಸೀಟಿ ಆಯಿತು, ಒಂದು ಅಂಕ. ಗೆದ್ದವರನ್ನು ಹೊತ್ತು ಜನ ಕುಣಿಯುತ್ತಿದ್ದಾಗ ಸೋತ ಹುಡುಗರು ಅಂಕಣದ ಮೂಲೆಯಲ್ಲಿ ಕೂತೇ ಇದ್ದರು. ಅವರ ಕ್ಯಾಪ್ಟನ್ ಎರಡು ಮಂಡಿಯ ನಡುವೆ ಮುಖ ಇಟ್ಟು ಅತ್ತ. ಯಾರೂ ಅವನನ್ನು ಎಬ್ಬಿಸಲಿಲ್ಲ.

ಟೆಂಪೋ ಬರುವುದು ತಡವಾಯಿತು. ಬಯಲು ಖಾಲಿಯಾಗಿ, ಮೈಕಿನವರು ವೈರು ಸುತ್ತುತ್ತಿದ್ದರು. ಆ ಕ್ಯಾಪ್ಟನ್ ಎದ್ದು, ಶಾಲೆಯ ಜಗಲಿಯ ಮೇಲಿದ್ದ ತನ್ನ ಬ್ಯಾಗಿನಿಂದ ಒಂದು ಜೊತೆ ಬೂಟು ತೆಗೆದ. ಹಳೆಯದು, ಆದರೆ ತೊಳೆದು ಒಣಗಿಸಿದ್ದು. ಗೆದ್ದ ತಂಡದ ರೈಡರ್ ಬರಿಗಾಲಿನಲ್ಲಿ ನಲ್ಲಿಯ ಹತ್ತಿರ ಮಂಡಿ ತೊಳೆಯುತ್ತಿದ್ದ. ಇವನು ಹೋಗಿ ಪಕ್ಕದಲ್ಲಿ ನಿಂತ.

“ಜಿಲ್ಲೇಲಿ ಮ್ಯಾಟಂತೆ. ಬೂಟ್ ಐತಾ?”

“ಇಲ್ಲ.”

“ಸೈಜ್ ಎಷ್ಟ್ಲಾ ನಿಂದು?”

“ಏಳು.”

“ಇದು ಎಂಟು. ಎರಡು ಜೊತೆ ಸಾಕ್ಸ್ ಹಾಕ್ಕೋ.”